ಮೀಟರ್ ಮಾವನ ಪುಸ್ತಕದ ಅಂಚು

ನನ್ನ ಸೋದರಮಾವನನ್ನು ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಕರೆಯುವುದು ಮೀಟರ್ ಮಾವ ಎಂದೇ. ಕುಲಪತಿಗಳ ಕಾರಿನ ಚಾಲಕನಿಂದ ಹಿಡಿದು ಗ್ರಂಥಾಲಯ ಗುಡಿಸುವಾಕೆಯವರೆಗೆ ಅವನು ಎಲ್ಲರಿಗೂ ಮಾವ. ಇಪ್ಪತ್ತಾರು ವರ್ಷದಿಂದ ಅವನ ಕೆಲಸ ಒಂದೇ: ತಿಂಗಳ ಮೊದಲ ದಿನ ನಲವತ್ತೊಂದು ಕಟ್ಟಡ ಸುತ್ತಿ, ಕರೆಂಟು, ನೀರು, ಎಣ್ಣೆಯ ಮೀಟರುಗಳ ಮುಂದೆ ನಿಂತು, ಕಂಡದ್ದನ್ನು ಕಂಡ ಹಾಗೆ ನೀಲಿ ರಟ್ಟಿನ ಉದ್ದನೆಯ ಪುಸ್ತಕದಲ್ಲಿ ಬರೆಯುವುದು. ಕೊನೆಯ ಅಂಕಿ ಎರಡರ ನಡುವೆ ನಿಂತಿದ್ದರೆ ಅದು ಬೀಳುವತನಕ ಕಾಯುವ ಪೈಕಿ. "ಮದುವೆ ದಿನಾನೂ ನನ್ನ ಮುಖ ನೋಡ್ಲಿಲ್ಲ ಇವರು, ಹಾಲ್‌ನ ಮೀಟರ್ ನೋಡ್ತಾ ನಿಂತಿದ್ರು" ಎಂದು ಅತ್ತೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ನಾನು ಅಲ್ಲೇ ಪರಿಸರದ ಲೆಕ್ಕ ಇಡುವ ಹಸಿರು ವಿಭಾಗದಲ್ಲಿ ಗುಮಾಸ್ತೆ. ಮಾವನ ಅಂಕಿಗಳನ್ನು ಕಂಪ್ಯೂಟರಿನ ಕೋಷ್ಟಕಕ್ಕೆ ಏರಿಸುವವಳು. ಕೋಷ್ಟಕ ಅವನ್ನು ಹೊಗೆಯ ಟನ್ನುಗಳಾಗಿ ಮಾಡುತ್ತದೆ, ಟನ್ನುಗಳು ವರದಿಯಾಗುತ್ತವೆ, ವರದಿ ಸಮಿತಿಯ ಮುಂದೆ ಹೋಗುತ್ತದೆ. ಐದು ವರ್ಷದೊಳಗೆ ಹೊಗೆಯನ್ನು ಮೂರನೇ ಒಂದು ಪಾಲು ಇಳಿಸುತ್ತೇವೆಂದು ವಿಶ್ವವಿದ್ಯಾಲಯ ಊರಿಗೆಲ್ಲ ಸಾರಿ ಮಾತು ಕೊಟ್ಟಿತ್ತು. ಆ ಮಾತಿನ ನಲವತ್ತು ಪುಟದಲ್ಲಿ ನಮ್ಮ ಮನೆಗೆ ಬೇಕಾಗಿದ್ದದ್ದು ಒಂದೇ ಸಾಲು: ಮೂರನೇ ವರ್ಷದ ಕೊನೆಗೆ ಗುರಿಯ ಅರ್ಧದಾರಿಯನ್ನೂ ಮುಟ್ಟದಿದ್ದರೆ, ಎಣ್ಣೆ ಉರಿಸಿ ನೀರು ಕಾಯಿಸುವ ಹಳೆಯ ಬಾಯ್ಲರ್ ಮನೆಯನ್ನು ಮುಚ್ಚತಕ್ಕದ್ದು.

ಆ ಬಾಯ್ಲರಿನ ಚಿಮಣಿ ನೌಕರರ ವಸತಿಗೃಹದ ಹಿಂದೆಯೇ ಇದೆ. ಮಾವನ ಅಡುಗೆಮನೆಯ ಕಿಟಕಿ ತೆಗೆದರೆ ಎದುರಿಗೆ ಅದೇ. ಚಳಿಗಾಲದಲ್ಲಿ ಒಣಹಾಕಿದ ಬಿಳಿ ಬಟ್ಟೆಯನ್ನು ಸಂಜೆ ಮತ್ತೆ ಒಗೆಯಬೇಕು. ಅತ್ತೆಗೆ ಉಬ್ಬಸ. ಹೊಗೆಯಿಂದ ದೂರ ಇಡಿ ಎಂದು ಡಾಕ್ಟರು ಹೇಳಿದ್ದರು. ಹೇಳುವುದಕ್ಕೇನು, ವಸತಿಗೃಹ ಬಿಟ್ಟರೆ ಅವರಿಗೆ ಬೇರೆ ಸೂರಿಲ್ಲ. "ಮೂರನೇ ವರ್ಷ ಮುಗೀಲಿ, ಅದರ ಬಾಯಿ ಮುಚ್ಚಿಸ್ತಾರೆ" ಎಂದು ಮಾವ ದಿನ ಎಣಿಸುತ್ತಿದ್ದ.

ಮೂರನೇ ವರ್ಷದ ಶುರುವಿನಲ್ಲೇ ಬಾಯ್ಲರಿನ ಎಣ್ಣೆ ಮೀಟರು ಕೆಟ್ಟು ಹೊಸದು ಬಂತು. ಹೊಸದು ಹತ್ತು ಲೀಟರಿಗೆ ಒಂದಂಕಿ ಓಡುವಂಥದ್ದು. ಮಾವ ಕಂಡ ಅಂಕಿಯನ್ನು ಕಂಡ ಹಾಗೆ ಬರೆದು, ಪುಟದ ಅಂಚಿನಲ್ಲಿ "ಹತ್ತರಿಂದ ಗುಣಿಸುವುದು" ಎಂದು ಪೆನ್ಸಿಲಿನಲ್ಲಿ ಸೇರಿಸಿದ. ಕೋಷ್ಟಕದಲ್ಲಿ ಅಂಚಿಗೆ ಜಾಗವಿಲ್ಲ. ಅಂಕಣದಲ್ಲಿ ಇದ್ದದ್ದನ್ನಷ್ಟೇ ಏರಿಸು ಎಂದು ಸೇರಿದ ದಿನವೇ ನನಗೆ ಹೇಳಿಕೊಟ್ಟಿದ್ದರು. ಹನ್ನೆರಡು ತಿಂಗಳು ಹಾಗೇ ಏರಿಸಿದೆ, ಕಣ್ಣಿದ್ದೂ ಕುರುಡಿಯ ಹಾಗೆ.

ವರ್ಷದ ಕೊನೆಗೆ ಬಾಯ್ಲರಿನ ಹೊಗೆ ಹತ್ತನೇ ಒಂದು ಪಾಲಿಗೆ ಇಳಿದಿತ್ತು, ಕಾಗದದ ಮೇಲೆ. ಎರಡು ವರ್ಷ ಮೊದಲೇ ಗುರಿ ಮುಟ್ಟಿದೆವೆಂದು ಸಮಿತಿ ಚಪ್ಪಾಳೆ ತಟ್ಟಿತು. ದೀಪ ಆರಿಸಿ ಎಂದು ಗೋಡೆಗಳಿಗೆ ಚೀಟಿ ಅಂಟಿಸಿದ್ದರ ಫಲ ಎಂದು ಒಬ್ಬ ಪ್ರಾಧ್ಯಾಪಕರು ಲೇಖನವನ್ನೂ ಬರೆದರು. ಎಣ್ಣೆ ಕೊಳ್ಳುವ ವಿಭಾಗವನ್ನು ಯಾರೂ ಕೇಳಲಿಲ್ಲ. ಅದು ಬೇರೆ ಕಟ್ಟಡದಲ್ಲಿದೆ. ಬಾಯ್ಲರ್ ಮುಚ್ಚುವ ಸಾಲನ್ನು ಕೈಬಿಟ್ಟರು.

ಮುಖ್ಯದ್ವಾರದಲ್ಲಿ ಹಾಕಿದ ಫಲಕ ಓದಿ ಮಾವ ಪುಸ್ತಕ ಕಂಕುಳಲ್ಲಿಟ್ಟುಕೊಂಡು ನೇರ ನನ್ನ ಮೇಜಿಗೆ ಬಂದ.

"ಬಾಯ್ಲರ್ ಹೊಗೆ ಇಳಿದಿದೆ ಅಂತೆ. ಚಿಮಣಿಗೆ ಯಾರಾದ್ರೂ ಹೇಳಿದ್ರಾ?"

ಪುಟ ತೆಗೆದು ಅಂಚಿನ ಮೇಲೆ ಬೆರಳಿಟ್ಟ. ನಾನು ಹನ್ನೆರಡು ತಿಂಗಳ ಅಂಚನ್ನೂ ತಿರುವಿ ನೋಡಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಇವತ್ತಿಗೂ ಸ್ವಲ್ಪ ಹಗುರಾಗಿರುತ್ತಿದ್ದೆ.

ಇಬ್ಬರೂ ವಿಭಾಗದ ಮುಖ್ಯಸ್ಥೆ ಮೇಡಂ ಹತ್ತಿರ ಹೋದೆವು. ಕೆಟ್ಟವರೇನಲ್ಲ ಅವರು. ಪುಸ್ತಕವನ್ನು ಎರಡೆರಡು ಸಲ ನೋಡಿದರು.

"ವರದಿಗೆ ಹೊರಗಿನ ಪರಿಶೋಧಕರ ಸಹಿ ಆಗೋಗಿದೆಯಲ್ಲಮ್ಮ" ಎಂದರು. "ಸಹಿ ಆದ ವರ್ಷನ ಐದನೇ ವರ್ಷದ ಮರುಪರಿಶೀಲನೇಲಿ ಮಾತ್ರ ಮುಟ್ಟಬಹುದು. ಅಂಕಿನ ಬೇಕಾದ ಹಾಗೆ ತಿದ್ದಬಾರದು ಅಂತ ನಾವೇ ಮಾಡಿದ ನಿಯಮ."

ಸಮಿತಿಯ ಸಭೆಯಲ್ಲಿ 'ಇತರೆ' ಎಂಬ ಕೊನೆಯ ವಿಷಯದಡಿ ಮಾವನಿಗೆ ಐದು ನಿಮಿಷ ಕೊಟ್ಟರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

"ಮೀಟರು ಸುಳ್ಳು ಹೇಳಿಲ್ಲ ಸಾರ್. ನಾನೂ ಹೇಳಿಲ್ಲ. ಬಾಯ್ಲರ್ ಮುಚ್ಬೇಕಾಗಿತ್ತು, ಮುಚ್ಚಿ. ನನ್ನ ಹೆಂಡ್ತಿಗೆ ಉಸಿರಾಡೋಕೆ ಆಗ್ತಿಲ್ಲ."

"ಆರೋಗ್ಯದ ವಿಷಯ ಬೇರೆ ಸಮಿತಿಗೆ ಬರುತ್ತೆ" ಎಂದರು ಅಧ್ಯಕ್ಷರು, ಮೃದುವಾಗಿಯೇ. ನಡಾವಳಿಯಲ್ಲಿ 'ಗಮನಿಸಲಾಯಿತು' ಎಂದು ಬರೆದದ್ದು ಇದೇ ನನ್ನ ಕೈ.

ಮರುತಿಂಗಳು ಹತ್ತರಿಂದ ಗುಣಿಸಿ ಏರಿಸಿದೆ. ಅಂಕಣ ಕೆಂಪಾಗಿ 'ಅಸಹಜ ಏರಿಕೆ' ಎಂದು ತಿರಸ್ಕರಿಸಿತು. "ಮರುಪರಿಶೀಲನೆ ತನಕ ಹೋದ ವರ್ಷದ ಅಂಕಿನೇ ಅಂದಾಜು ಅಂತ ಹಾಕು" ಎಂದರು ಮುಖ್ಯಸ್ಥೆ. ಹಾಕಿದೆ. ಸುಳ್ಳೆಂದು ಗೊತ್ತಿದ್ದೂ ಹಾಕಿದೆ, ತಿಂಗಳು ತಿಂಗಳೂ. ಬಾಯ್ಲರಿನ ಪುಟ ತೆಗೆಯುವ ಅಗತ್ಯವೇ ಉಳಿಯಲಿಲ್ಲ. ಮಾವ ಪುಸ್ತಕ ತಂದಿಟ್ಟಾಗ ಬೇರೆ ಕಟ್ಟಡಗಳದ್ದನ್ನು ಏರಿಸಿ, ಆ ಪುಟಗಳನ್ನು ಮುಟ್ಟದೆ ಹಿಂದಕ್ಕೆ ಕೊಡುತ್ತಿದ್ದೆ. ನಾಚಿಕೆ, ಇನ್ನೇನು.

ಭಾನುವಾರಗಳಂದು ಹೋದರೆ ಅತ್ತೆ ನನ್ನೆದುರು ಉಬ್ಬಸದ ಔಷಧಿಯ ಪಂಪು ಎಳೆದುಕೊಳ್ಳುತ್ತಿರಲಿಲ್ಲ. ಕೆಮ್ಮು ಬಂದರೆ ಸೆರಗು ಬಾಯಿಗೆ ಒತ್ತಿ, ಆಮೇಲೆ ನಗುತ್ತಿದ್ದಳು.

"ನನ್ನ ಕೆಮ್ಮನ್ನೂ ಹತ್ತರಿಂದ ಭಾಗಿಸಿ ಬರ್ಕೊಳೇ. ಗುರಿ ಮುಟ್ಟಿದ ಹಾಗಾಗುತ್ತೆ."

ನಾನೂ ನಕ್ಕೆ. ಆಮೇಲಾಮೇಲೆ ಭಾನುವಾರಗಳಿಗೆ ಏನಾದರೊಂದು ನೆಪ ಸಿಗತೊಡಗಿತು.

ಫಲಕ ಹಾಕಿದ ಮೇಲಿನ ಎರಡನೇ ಚಳಿಗಾಲದಲ್ಲಿ, ಬೆಳಗ್ಗೆ ಹತ್ತು ಗಂಟೆಗೆ, ಒಗೆದ ಬಟ್ಟೆಯ ಬಕೆಟ್ಟಿನ ಪಕ್ಕ ಅತ್ತೆ ಕುಸಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಮುಂದಿನ ತಿಂಗಳ ಮೊದಲ ದಿನ ಮಾವ ಎಂದಿನಂತೆ ನಲವತ್ತೊಂದು ಕಟ್ಟಡ ಸುತ್ತಿದ.

ನಾಲ್ಕು ತಿಂಗಳಿಗೆ ಮರುಪರಿಶೀಲನೆ ಬಂತು. ತಪ್ಪು ಒಪ್ಪಿಕೊಂಡರು, ಬಾಯ್ಲರ್ ಮುಚ್ಚಲು ಆದೇಶವಾಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಎರಡು ವರ್ಷದ ನಿಜವಾದ ಅಂಕಿ ಏರಿಸಲು ನಾನು ನೀಲಿ ಪುಸ್ತಕದ ಆ ಪುಟಗಳನ್ನು ಮೊದಲ ಸಲ ತೆಗೆದೆ.

ಪ್ರತಿ ತಿಂಗಳ ಅಂಚಿನಲ್ಲೂ ಪೆನ್ಸಿಲಿನ ಬರಹವಿತ್ತು. 'ಪಂಪು ದಿನಕ್ಕೆ ಎರಡು ಸಲ. ಮೇಡಂಗೆ ತೋರಿಸಮ್ಮ.' ಮುಂದೆ ಮೂರು ಸಲ. ಐದು ಸಲ. ಒಂಬತ್ತು ಸಲ, ಮೇಡಂಗೆ ತೋರಿಸಮ್ಮ. ಹದಿನಾಲ್ಕು. ಕೊನೆಯ ನಾಲ್ಕು ತಿಂಗಳ ಅಂಚು ಖಾಲಿ.

ಮಾವ ಬಂದಾಗ ಪುಸ್ತಕ ತೆರೆದೇ ಇತ್ತು.

"ಯಾಕೆ ಮಾವ, ಒಂದು ಸಲನಾದ್ರೂ ಬಾಯಿಬಿಟ್ಟು ಹೇಳಬಾರದಿತ್ತಾ?"

ಅವನು ಪುಸ್ತಕ ಮುಚ್ಚಿ ಕಂಕುಳಿಗೆ ಸೇರಿಸಿಕೊಂಡ.

"ಬರ್ದಿದ್ದೆನಲ್ಲಮ್ಮ" ಎಂದ.