ಮಾವನ ಮನೆಯಲ್ಲಿ ಏರದ ತೂಕ

ಮೈ ಇಳಿಸದಿದ್ದರೆ ಮಂಡಿನೋವು ಹೋಗುವುದಿಲ್ಲ, ಸೈಕಲ್ಲು ತುಳಿಯುವುದನ್ನೇ ನಿಲ್ಲಿಸಬೇಕಾಗುತ್ತದೆ ಎಂದು ಕೆ.ಆರ್. ಪೇಟೆಯ ಡಾಕ್ಟರು ಹೇಳಿದ್ದರು. ನಾನು ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದವನು. ಬಾಯಿ ಕಟ್ಟಿ ಹೇಗೋ ಒಂದಷ್ಟು ಇಳಿಸಿದೆ. ಅಷ್ಟರಲ್ಲಿ ಬೇಸಿಗೆ ರಜೆ ಬಂತು. ಹೆಂಡತಿ ಮಕ್ಕಳ ಜೊತೆ ಶೀಳನೆರೆಯ ಮಾವನ ಮನೆಗೆ ಹೋದೆ.

ಅಲ್ಲಿ ಅಳಿಯ ಸಾಕೆಂದರೆ ಯಾರೂ ಕೇಳುವುದಿಲ್ಲ. ಎಲೆಯಲ್ಲಿ ಬಿಟ್ಟರೆ ಅತ್ತೆಗೆ ಅವಮಾನ. ಮೊದಲ ದಿನ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಮುದ್ದೆಯ ಮೇಲೆ ತುಪ್ಪ ಸುರಿಯಿತು. ತಿಂದದ್ದು ಕರಗಲೆಂದು ಗದ್ದೆಗೆ ಹೋಗಿ ಗುದ್ದಲಿ ಹಿಡಿದರೆ ಮಾವ ಕಿತ್ತುಕೊಂಡರು.

“ಅಳಿಯನ ಕೈಲಿ ಗೇಯಿಸ್ತಾವ್ನೆ ಅಂತ ಊರೋರು ನನ್ನ ಉಗೀತಾರೆ. ನೀವು ಓಗಿ ಮನೀಕಳಿ,” ಎಂದು ಮಲಗಲು ಕಳಿಸಿದರು.

ಮರುದಿನ ಎಲ್ಲರೂ ಊಟಕ್ಕೆ ಕೂತಾಗ ನಾನು ಎದ್ದು ಸಾರಿನ ಬಕೀಟು ಎತ್ತಿಕೊಂಡೆ. ಬಡಿಸುವವನಿಗೆ ಬಲವಂತ ಮಾಡುವವರು ಯಾರು? ಅತ್ತೆ ಗಾಬರಿಯಾದರು.

“ಬುಡವ್ವ, ಬಾವ ನಿನ್ಗಿಂತ ಚೆಂದಾಗಿ ಬಡುಸ್ತಾರೆ,” ಎಂದು ಬಾಮೈದ ನಕ್ಕ. “ಇನ್ನೊಂದು ಮುದ್ದೆ ಆಕಿ ಬಾವ.”

ಎಲ್ಲರೂ ಎದ್ದ ಮೇಲೆ ಕೂತು ನನಗೆ ಬೇಕಾದಷ್ಟೇ ಹಾಕಿಕೊಂಡು ಉಂಡೆ. ದಿನವೂ ಹೀಗೇ ನಡೆಯಿತು. ಸಂಜೆ ಮಕ್ಕಳನ್ನು ಕರೆದುಕೊಂಡು ಕೆರೆ ಏರಿಯ ಮೇಲೆ ನಡೆಯುತ್ತಿದ್ದೆ. ಮಕ್ಕಳನ್ನು ಆಡಿಸುವುದಕ್ಕೆ ಮಾವನೂ ಅಡ್ಡಿ ಹೇಳಲಿಲ್ಲ.

ರಜೆ ಮುಗಿಸಿ ಬಂದು, ಮಾವನ ಮನೆಗೆ ಹೋಗಿದ್ದೆ ಎಂದು ಹೇಳಿ ಡಾಕ್ಟರ ತೂಕದ ಮಿಷನ್ನು ಹತ್ತಿದೆ. ಮುಳ್ಳು ಮೊದಲಿಗಿಂತ ಹಿಂದೆಯೇ ನಿಂತಿತು. ಅವರು ಬಗ್ಗಿ ಇನ್ನೊಮ್ಮೆ ನೋಡಿದರು.

“ಮಾವನ ಮನೇಲಿ ಊಟ ಹಾಕ್ಲಿಲ್ವೇನ್ರೀ?”

“ನಾನೇ ಆಕ್ದೆ ಸಾರ್, ಮನೆಯೋರ್ಗೆಲ್ಲ,” ಎಂದೆ.