ಪೆಡಲಿನ ಕೆಳಗಿನ ಮರದ ತುಂಡು

ಹೋದ ವಾರ ಬಡಗಿ ಬಂದು ನಮ್ಮ ಬಾಲ್ಕನಿ ಬಾಗಿಲಿನ ಅಡಿಗೆ ಒಂದು ಮರದ ತುಂಡು ಸಿಕ್ಕಿಸಿ ಹೋದ. ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತದೆಂದು ನಾನೇ ಕರೆಸಿದ್ದೆ. "ಇನ್ಮೇಲೆ ಎಷ್ಟು ತಳ್ಳಿದ್ರೂ ಇಷ್ಟೇ ಮೇಡಂ, ಸೇಫ್ಟಿ" ಎಂದ. ಅವನು ಮೆಟ್ಟಿಲಿಳಿದ ಮೇಲೆ ನೋಡಿಕೊಂಡರೆ ನನ್ನ ಬಲಗಾಲಿನ ಬೆರಳುಗಳು ಚಪ್ಪಲಿಯನ್ನು ಒತ್ತಿ ಹಿಡಿದಿದ್ದವು. ಸಿಟ್ಟು ಎಲ್ಲರಿಗೂ ಮುಖಕ್ಕೆ ಬರುತ್ತದಂತೆ. ನನಗೆ ಬಲಗಾಲಿಗೆ ಬರುತ್ತದೆ. ಅದಕ್ಕೆ ಕಾರಣವಿದೆ, ಕೇಳಿ.

ಎಂಬತ್ತರ ದಶಕದಲ್ಲಿ ನಾನು ಕೊಯಮತ್ತೂರಿನ ಮಾವನ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಮಾವ ಅಮ್ಮನ ತಮ್ಮ. ವಾರವೆಲ್ಲ ಪಂಪ್‌ಸೆಟ್ ಕಾರ್ಖಾನೆಯಲ್ಲಿ ಫಿಟ್ಟರ್, ಭಾನುವಾರ ಒಬ್ಬ ಗಿರಣಿ ಮಾಲೀಕರ ರೇಸ್ ಕಾರುಗಳಿಗೆ ಮೆಕ್ಯಾನಿಕ್. ಊರಾಚೆ ಮದುಕ್ಕರೈ ದಾಟಿದ ಮೇಲೆ ಆ ಮಾಲೀಕರಿಗೆ, ಮಾವನ ಮಾತಿನಲ್ಲಿ ಮುದಲಾಳಿಗೆ, ಪಾಳುಬಿದ್ದ ಜಮೀನಿತ್ತು. ಅದನ್ನು ಮಟ್ಟ ಮಾಡಿಸಿ, ತಿರುವುಗಳಲ್ಲಿ ಹಳೆಯ ಟೈರು ಪೇರಿಸಿ, ಮಣ್ಣಿನ ಟ್ರ್ಯಾಕ್ ಮಾಡಿದ್ದರು. ನಾನು ಮಾವನಿಗೆ ಊಟದ ಕ್ಯಾರಿಯರ್ ಒಯ್ಯುತ್ತಿದ್ದೆ. ಒಂದು ಭಾನುವಾರ ಅವನು ಹಳೆಯ ಫಿಯಟ್ಟಿನ ಬಾಗಿಲು ತೆಗೆದು, ಊಟ ಆಮೇಲೆ, ಮೊದಲು ಒಳಗೆ ಹತ್ತು ಎಂದ.

ನಮ್ಮದು ಧಾರಾಪುರಂ ಕಡೆಯ ಒಕ್ಕಲು ಮನೆ. ತಾತ ರೇಕ್ಲಾ ಓಡಿಸುತ್ತಿದ್ದರು. ಜೋಡಿ ಎತ್ತಿನ, ಒಬ್ಬರೇ ಕೂರುವ ಓಟದ ಗಾಡಿ ಅದು. ಊರವರ ಕಣ್ಣು ತಪ್ಪಿಸಿ ನನಗೂ ಹಗ್ಗ ಕೊಟ್ಟಿದ್ದರು. ರೇಕ್ಲಾದ ಓಟ ನೇರ. ಕಣ್ಣು ಎತ್ತುಗಳ ಹೆಗಲ ಮೇಲಿರಬೇಕು, ತಡೆಯುವ ಮಾತೇ ಇಲ್ಲ. ನಾನು ಫಿಯಟ್ಟಿನಲ್ಲೂ ಹಾಗೆಯೇ ಕೂತೆ. ಕಣ್ಣು ಬಾನೆಟ್ಟಿನ ಮೇಲೆ, ಕಾಲು ಒತ್ತಿದ್ದು ಒತ್ತಿದಂತೆ. ಮೊದಲ ತಿರುವಿನಲ್ಲೇ ಟೈರಿನ ರಾಶಿಯೊಳಕ್ಕೆ ನುಗ್ಗಿದೆ.

ಮಾವ ಓಡಿ ಬರಲಿಲ್ಲ. ಬೀಡಿ ಮುಗಿಸಿ ನಡೆದು ಬಂದ.

"ಅಮ್ಮಿಣಿ, ಇಲ್ಲಿ ಎತ್ತು ಎಲ್ಲೈತೆ? ಎಲ್ಲಿಗೆ ಹೋಗ್ಬೇಕೋ ಅಲ್ಲಿಗೆ ಕಣ್ಣಿಕ್ಕು. ಗಾಡಿ ತಾನಾ ಪಿನ್ನಾಡಿ ಬರ್ತದೆ."

ನಮ್ಮ ಮನೆಗನ್ನಡ ಹೀಗೆಯೇ, ಅರ್ಧ ತಮಿಳು: ಹುಡುಗಿ ಎಂದರೆ ಅಮ್ಮಿಣಿ, ಹಿಂದೆ ಎಂದರೆ ಪಿನ್ನಾಡಿ. ಕನ್ನಡದ ಅಕ್ಷರವನ್ನು ನಾನು ಕಲಿತದ್ದು ಬಹಳ ತಡವಾಗಿ, ಮೈಸೂರಿನ ಪತ್ರಿಕೆಯೊಂದರಲ್ಲಿ ಕೆಲಸಕ್ಕೆ ಸೇರುವ ಹಟದಲ್ಲಿ. ಅದು ಬೇರೆ ಕಥೆ.

ವೇಗ ಎಂದರೆ ಆಕ್ಸಿಲರೇಟರ್ ಎಂದು ತಿಳಿದಿದ್ದೆ. ಕಲಿಯುತ್ತ ಹೋದಂತೆ ಗೊತ್ತಾಯಿತು, ಬಹುಪಾಲು ಅದು ಬ್ರೇಕಿನ ವಿದ್ಯೆ. ತಿರುವಿಗೆ ಮುಂಚೆ, ಕಾರು ನೇರವಾಗಿರುವಾಗಲೇ ಬ್ರೇಕು. ಆಮೇಲೆ ಸ್ಟಿಯರಿಂಗ್. ತಿರುವಿನ ಕೊನೆ ಕಣ್ಣಿಗೆ ಬಿದ್ದ ಮೇಲೆ ಪೂರ್ತಿ ಒತ್ತು. ಆ ಒತ್ತುವ ಕ್ಷಣವೊಂದಕ್ಕಾಗಿ ನಾನು ವಾರವೆಲ್ಲ ಕಾಯುತ್ತಿದ್ದೆ. ಮದುಕ್ಕರೈಯ ಸಿಮೆಂಟ್ ಕಾರ್ಖಾನೆಯ ಬೂದಿಯಂಥ ಧೂಳು ಹಲ್ಲಿಗೆಲ್ಲ ಅಂಟಿರುತ್ತಿತ್ತು. ಮಳೆಗಾಲ ಕಳೆಯುವ ಹೊತ್ತಿಗೆ ಅಲ್ಲಿಗೆ ಬರುವ ಹುಡುಗರು ನನ್ನೊಡನೆ ಪೈಪೋಟಿಗೆ ಇಳಿಯುವುದನ್ನು ನಿಲ್ಲಿಸಿದ್ದರು. ಎಂಜಿನ್ ಬಿಸಿಯಾಗಿದೆ ಎನ್ನುತ್ತಿದ್ದರು.

ಆ ವರ್ಷದ ರೇಸಿನಲ್ಲಿ ಹೆಂಗಸರಿಗೂ ಒಂದು ಓಟ ಇಡುತ್ತೇವೆ ಎಂದರು ಮಾಲೀಕರು. ನಾಲ್ಕು ಜನ, ನಾಲ್ಕು ಫಿಯಟ್ಟು. ಉಳಿದ ಮೂವರು ಅವರ ಬಂಧುಗಳು. ನಾನು ಊರಿಗೆ ಹೋಗಿ ಅಪ್ಪನ ಮುಂದೆ ನಿಂತೆ. ಅಪ್ಪ "ಒಂದು ದಿವ್ಸ. ಆಮೇಲೆ ಈ ಪೇಚ್ಚು ಬ್ಯಾಡ, ಈ ಮಾತೇ ಬ್ಯಾಡ" ಎಂದರು. ನನ್ನ ಪಾಲಿಗೆ ಇದ್ದದ್ದು ಆ ಒಂದು ದಿನ.

ಓಟದ ದಿನ, ಶುರುವಿನ ಬಾವುಟ ಬಿತ್ತು. ಮೊದಲ ತಿರುವು ಹತ್ತಿರವೇ ಇತ್ತು, ಸರಿಯಾಗಿ ಬಂತು. ಅದರ ಕೊನೆ ಕಂಡಿತು, ಪೂರ್ತಿ ಒತ್ತಿದೆ. ಪೆಡಲು ಅರ್ಧಕ್ಕೆ ನಿಂತಿತು. ಮತ್ತೆ ಒತ್ತಿದೆ. ಕಲ್ಲನ್ನು ತುಳಿದಂತೆ. ಮುಂದೆ ಮೂರು ಕಾರುಗಳು ಮದುವೆ ಮೆರವಣಿಗೆಯ ಹಾಗೆ ಸಾಲಾಗಿ ಹೋಗುತ್ತಿದ್ದವು. ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಕಾರನ್ನು ಟೈರುಗಳ ಪಕ್ಕಕ್ಕೆ ತಂದು ನಿಲ್ಲಿಸಿ, ಇಳಿದು, ಬಗ್ಗಿ ನೋಡಿದೆ. ಆಕ್ಸಿಲರೇಟರಿನ ಕೆಳಗೆ ಒಂದು ಮರದ ತುಂಡು. ತಂತಿಯಿಂದ ಬಿಗಿದು ಕಟ್ಟಿತ್ತು. ತಂತಿಯ ತುದಿಗಳನ್ನು, ಕಾಲಿಗೆ ಗೀರದಿರಲೆಂದು, ಒಳಗೆ ಮಡಚಲಾಗಿತ್ತು.

ಮನೆಯಲ್ಲಿ ಕಿಟಕಿಯ ಜಾಲರಿಯಿಂದ ಹಿಡಿದು ನನ್ನ ಸೈಕಲ್ಲಿನ ಬುಟ್ಟಿಯವರೆಗೆ ತಂತಿಯ ತುದಿಗಳನ್ನು ಹಾಗೆ ಒಳಗೆ ಮಡಚುತ್ತಿದ್ದವನು ಒಬ್ಬನೇ.

ತಂತಿ ಬಿಚ್ಚುತ್ತಿದ್ದಾಗ ಮೈಕಿನಲ್ಲಿ ತಮಿಳಿನ ಘೋಷಣೆ ಕೇಳಿಸಿತು: ತಂಗಚ್ಚಿಯ ಸೀರೆ ಪೆಡಲಿಗೆ ಸಿಕ್ಕಿಕೊಂಡಿದೆ, ಸ್ವಲ್ಪ ತಾಳ್ಮೆಯಿಂದಿರಬೇಕು. ಜನ ನಕ್ಕರು. ಒಳ್ಳೆಯ ಮನಸ್ಸಿನಿಂದಲೇ ನಕ್ಕರು. ನಾನು ಹಾಕಿದ್ದು ಅಣ್ಣನ ಪ್ಯಾಂಟು. ಕಣ್ಣೆದುರಿಗಿದ್ದವರಿಗೆಲ್ಲ ಅದು ಕಾಣುತ್ತಿತ್ತು. ಆದರೂ ಮೈಕು ಹೇಳಿದ ಮೇಲೆ ಅವರಿಗೆ ಸೀರೆಯೇ ಕಂಡಿತು. ಇದರಿಂದಾಗಿ ನಾನು ವರದಿಗಾರ್ತಿಯಾದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಅದು ನಿಜವಲ್ಲ. ಅವತ್ತು ನನಗೆ ಆ ಮೈಕನ್ನು ಕಿತ್ತು ಟೈರಿನ ರಾಶಿಯೊಳಗೆ ಎಸೆಯಬೇಕೆನಿಸಿತ್ತು, ಅಷ್ಟೇ.

ಉಳಿದ ಸುತ್ತುಗಳನ್ನು ಪೂರ್ತಿ ಒತ್ತಿ ಓಡಿಸಿದೆ. ಕೊನೆಯವಳಾಗಿಯೇ ಮುಗಿಸಿದೆ. ನಾಲ್ವರಿಗೂ ಒಂದೇ ಬಹುಮಾನ, ಬೆಳ್ಳಿಯ ಕುಂಕುಮದ ಬಟ್ಟಲು. ಬಣ್ಣದ ಕಾಗದ ಸುತ್ತಿ ಬೆಳಿಗ್ಗೆಯಿಂದಲೇ ಮೇಜಿನ ಮೇಲೆ ಇಟ್ಟಿದ್ದರು.

ಮಾವ ಶೆಡ್ಡಿನ ಹಿಂದೆ ಕೈ ತೊಳೆಯುತ್ತಿದ್ದ. ಮರದ ತುಂಡನ್ನು ಅವನ ಮುಂದಿನ ಕಲ್ಲಿನ ಮೇಲಿಟ್ಟೆ.

"ಮುದಲಾಳಿ ಹೇಳುದ್ರು. ನಾಕು ಗಾಡಿಗೂ ಇಕ್ಕಿವ್ನಿ, ನಿನ್ನೊಬ್ಬಳಿಗಲ್ಲ" ಎಂದ. "ನಿಂಗೆ ಏನಾರ ಆಗಿದ್ರೆ ಅಕ್ಕಂಗೆ ನಾನು ಏನು ಹೇಳೋದು?"

"ಕಲ್ಸುವಾಗ ಅಕ್ಕನ ಗ್ಯಾಪ್ಕ ಬರಲಿಲ್ವಾ ಮಾವ?"

ಅವನು ಸೋಪನ್ನು ಮತ್ತೊಮ್ಮೆ ಕೈಗೆ ಹಚ್ಚಿಕೊಂಡ. ಇದರ ಬಗ್ಗೆ ನಾವು ಆಮೇಲೆ ಎಂದೂ ಮಾತಾಡಲಿಲ್ಲ. ನನ್ನ ಮದುವೆಗೆ ಬಂದ, ಮೈಸೂರಿನ ಮನೆಗೆ ಬಂದಾಗಲೆಲ್ಲ ನನ್ನ ಸ್ಕೂಟರ್ ಬಿಚ್ಚಿ ಜೋಡಿಸಿದ, ಒಂದು ದಿನ ತೀರಿಕೊಂಡ. ನಾನು ಮತ್ತೆ ಟ್ರ್ಯಾಕಿಗೆ ಇಳಿಯಲಿಲ್ಲ. ಅಪ್ಪ ಮಾತಿಗೆ ತಪ್ಪುವವರಲ್ಲ.

ಸ್ನೇಹಿತರಿಗೆ ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ಒಂದೇ ವಾಕ್ಯ: ಮಾಲೀಕರು ಕಾರುಗಳಿಗೆ ಮರದ ತುಂಡು ಇಡಿಸಿದ್ದರು. ಪತ್ರಿಕೆಯ ಡೆಸ್ಕಿನಲ್ಲಿ ಹೊಸ ಹುಡುಗರು ಹೀಗೆ ಬರೆದು ತಂದರೆ ನಾನು ಬಿಡುತ್ತಿರಲಿಲ್ಲ. ಇಡಿಸಿದವರು ಗೊತ್ತಾಯಿತು, ಇಟ್ಟವರು ಯಾರು ಎಂದು ಕೇಳಿ ವಾಪಸ್ ಕಳಿಸುತ್ತಿದ್ದೆ. ಮಾಲೀಕರ ಮೇಲಿನ ಸಿಟ್ಟು ಸುಲಭದ್ದು. ಅವರು ನನಗೆ ಏನೂ ಕಲಿಸಿರಲಿಲ್ಲ. ಮೈಕಿನವನ ಮೇಲಿನದ್ದೂ ಸುಲಭ. ಪೂರ್ತಿ ಒತ್ತು ಎಂದು ಹೇಳಿಕೊಟ್ಟವನು, ಒತ್ತಿದಾಗ ನನಗೆ ಆಗುವ ಸಂತೋಷವನ್ನು ಇಡೀ ಜಗತ್ತಿನಲ್ಲಿ ಬಲ್ಲವನು, ನನ್ನ ಒಂದು ದಿನದ ಬೆಳಿಗ್ಗೆ ಆ ಕಾರಿನೊಳಗೆ ಮಂಡಿಯೂರಿ, ನನ್ನ ಕಾಲಿಗೆ ನೋವಾಗದಂತೆ ತಂತಿ ಮಡಚಿದ. ಇಟ್ಟವನು ನನ್ನ ಮಾವ. ಅವನ ಮೇಲೆ ನನಗೆ ಸಿಟ್ಟಿದೆ. ಪ್ರೀತಿ ಇದ್ದರೂ ಅದು ಕಡಿಮೆಯಾಗಿಲ್ಲ.

ಇವತ್ತು ಬೆಳಿಗ್ಗೆ ಬಾಲ್ಕನಿಗೆ ಹೋಗಿ ಆ ತುಂಡನ್ನು ಸುತ್ತಿಗೆಯಿಂದ ಹೊಡೆದು ತೆಗೆದೆ. ಮಧ್ಯಾಹ್ನದ ಗಾಳಿಗೆ ಬಾಗಿಲು ಧಡಾರನೆ ಬಡಿಯಿತು. ಎದುರು ಮನೆಯವರು ಹೊರಗೆ ಬಂದು, ಬೆಣೆ ಕಳಚಿಕೊಂಡಿತೇ ಎಂದು ವಿಚಾರಿಸಿದರು.

ಕಳಚಿಕೊಳ್ಳಲಿಲ್ಲ, ನಾನೇ ತೆಗೆದೆ ಎಂದೆ.