ಹಂಡ್ಯಾ ಹಡಗು ಹತ್ತಿದ್ದು

ಅದು ಫಸಲಿ 1348. ಇಂಗ್ಲಿಷ್ ಲೆಕ್ಕದಲ್ಲಿ 1938ರ ಕೊನೆ, 1939ರ ಆರಂಭ. ನಾನು ಆಗ ಆಳಂದದ ದನದ ಶಿಫಾಖಾನೆಯಲ್ಲಿ ಪಶುವೈದ್ಯನಾಗಿದ್ದೆ. ಜನ ನಮ್ಮನ್ನು ಸಲೋತ್ರಿ ಎನ್ನುತ್ತಿದ್ದರು. ಮುಖದ ಮುಂದೆ ಮಾತ್ರ ಡಾಕ್ಟರ್ ಸಾಹೇಬ್ರು. ಅಫಜಲಪುರ, ಜೇವರ್ಗಿ ತಾಲೂಕುಗಳೂ ನನ್ನ ಕೊರಳಿಗೇ ಬಿದ್ದಿದ್ದವು. ಎತ್ತು, ಎಮ್ಮೆ, ತಹಶೀಲ್ದಾರರ ಕುದುರೆ, ಇಷ್ಟೇ ನನ್ನ ರೋಗಿಗಳು. ನಾಯಿಗೆ ಮದ್ದು ಮಾಡಿಸಲು ಯಾರೂ ಬರುತ್ತಿರಲಿಲ್ಲ, ನಾಯಿ ಕಚ್ಚಿದವರು ಬರುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಸಿದ್ರಾಮ ಮಾಸ್ತರರು ತಮ್ಮ ನಾಯಿಯೊಂದಿಗೆ ನನ್ನ ಬಾಗಿಲಿಗೆ ಬಂದರು. ಮಾಸ್ತರರಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಹಾರ್ಮೋನಿಯಂ ಕಲಿಸುವುದು, ಕೆಟ್ಟ ಪೆಟ್ಟಿಗೆಗಳನ್ನು ರಿಪೇರಿ ಮಾಡುವುದು ಅವರ ಕಸುಬು. ವಯಸ್ಸು ಮೂವತ್ತೈದರ ಆಸುಪಾಸು, ಮದುವೆಯಾಗಿರಲಿಲ್ಲ. ಗಾಣಗಾಪುರದ ದತ್ತನ ಗುಡಿಯಲ್ಲಿ ಹಾಡಲು ಹೋದಾಗ ಮೆಟ್ಟಿಲ ಬಳಿ ಸಿಕ್ಕ ಬೀದಿಮರಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದರಂತೆ. ಬಿಳಿ ಮೈಮೇಲೆ ಕಪ್ಪು ಮಚ್ಚೆ ಇದ್ದದ್ದರಿಂದ ಅದರ ಹೆಸರು ಹಂಡ್ಯಾ. ಯಾರೂ ಕಲಿಸದಿದ್ದರೂ ಅದು ಮಾಸ್ತರರನ್ನು ನಡೆಸುವುದನ್ನು ತಾನಾಗಿಯೇ ಕಲಿತಿತ್ತು. ಕೊರಳಿನ ಹಗ್ಗ ಹಿಡಿದುಕೊಂಡು ಮಾಸ್ತರರು ಸಂತೆಯ ದಿನವೂ ಆಳಂದದ ಪೇಟೆಯಲ್ಲಿ ಯಾರಿಗೂ ಡಿಕ್ಕಿ ಹೊಡೆಯದೆ ಓಡಾಡುತ್ತಿದ್ದರು.

"ಆಫ್ರಿಕಾದಾಗ ಮೊಂಬಾಸಾ ಅಂತ ಊರದಂತ್ರಿ," ಎಂದರು. "ಅಲ್ಲಿ ವ್ಯಾಪಾರಸ್ಥರು ಒಂದು ಸಾಲಿ ತೆಗದಾರ. ಸಂಗೀತ ಕಲಸಾಕ ಬಾ ಅಂದಾರ. ಆದ್ರ ಹಂಡ್ಯಾನ್ನ ಬಿಟ್ಟು ನಾ ಹೋಗಂಗಿಲ್ರಿ."

ಅಲ್ಲಿ ಕೈ ಹಿಡಿದು ನಡೆಸಲು ಯಾರಾದರೂ ಸಿಕ್ಕಾರು ಎಂದೆ.

"ಮೂವತ್ತು ವರ್ಷ ಮಂದಿ ಕೈ ಹಿಡದು ನಡದೇನ್ರಿ. ಅವರಿಗೆ ಪುರಸತ್ತಾದಾಗ ನನ್ನ ದಾರಿ. ಈಗ ಐದು ವರ್ಷ ಆತು, ನನಗ ಬೇಕಾದಾಗ ಎದ್ದು ಹೊಂಟೇನಿ. ಮತ್ತ ಹಳೀದು ಬ್ಯಾಡ್ರಿ ಸಾಹೇಬ್ರ."

ಆ ಮಾತು ನನ್ನ ಎದೆಗೆ ನಾಟಿತು. ಅವರ ಕೈಯಲ್ಲಿ ಮೊಂಬಾಸಾದಿಂದ ಬಂದ ಪರವಾನಗಿ ಇತ್ತು. ನಾಯಿಯನ್ನು ಇಳಿಸಿಕೊಳ್ಳಲು ಅದರಲ್ಲಿ ಮೂರು ಷರತ್ತು. ಹುಚ್ಚುನಾಯಿ ರೋಗದ ವಿರುದ್ಧ ಚುಚ್ಚುಮದ್ದು ಹಾಕಿಸಿ ಹಡಗು ಹತ್ತುವ ಮುನ್ನ ಮೂವತ್ತು ದಿನ ಕಳೆದಿರಬೇಕು. ನಾಯಿ ಇರುವ ಸುತ್ತಲ ಸೀಮೆಯಲ್ಲಿ ಆರು ತಿಂಗಳಿಂದ ಆ ರೋಗ ಕಂಡಿರಬಾರದು. ಇವೆರಡನ್ನೂ ಹೇಳುವ ಆರೋಗ್ಯದ ಸರ್ಟಿಫಿಕೇಟಿಗೆ ಸರ್ಕಾರಿ ಪಶುವೈದ್ಯನ ಸಹಿ, ಮೊಹರು ಬೇಕು. ಇಂಥ ಕಾಗದ ನಾನು ಹಿಂದೆಂದೂ ಬರೆದವನಲ್ಲ.

ಹೈದರಾಬಾದಿನಿಂದ ಲಸಿಕೆ ತರಿಸಿ ಬಹಮನ್ ತಿಂಗಳಲ್ಲಿ, ಅಂದರೆ ಡಿಸೆಂಬರಿನಲ್ಲಿ, ಹಂಡ್ಯಾನಿಗೆ ಚುಚ್ಚಿದೆ. ಒಂದು ತಿಂಗಳು ಕಳೆದು, ಇನ್ನೇನು ಸಹಿ ಹಾಕಬೇಕು ಎನ್ನುವಾಗ ಅಫಜಲಪುರದಿಂದ ವರದಿ ಬಂತು: ಒಂದು ನಾಯಿ ಬಾಯಿ ಬಿಟ್ಟುಕೊಂಡು ಜೊಲ್ಲು ಸುರಿಸುತ್ತಿದೆ, ಹುಚ್ಚು ಹಿಡಿದಿದೆ. ಅದು ನಿಜವಾಗಿದ್ದರೆ ಹಂಡ್ಯಾನ ಪ್ರಯಾಣ ಅಲ್ಲಿಗೇ ಮುಗಿಯಿತು. ಸಹಿ ಮಾಡಿದ ಮೇಲೆ ವರದಿ ತೆರೆದೆ ಎನ್ನಬಹುದಿತ್ತು. ಆ ಯೋಚನೆ ಬರಲೇ ಇಲ್ಲ ಎಂದರೆ ಸುಳ್ಳಾದೀತು. ಮಾಸ್ತರರಿಗೆ ಹೇಳಿದೆ. ಅವರು, "ಹೋಗಿ ನೋಡಿ ಬರ್ರಿ. ಖರೇ ಇದ್ರ ಸಹಿ ಮಾಡಬ್ಯಾಡ್ರಿ" ಎಂದರು.

ಅಫಜಲಪುರದಲ್ಲಿ ಊರ ಗಂಡಸರೆಲ್ಲ ಬಡಿಗೆ ಹಿಡಿದು ನಿಂತಿದ್ದರು. ನಾಯಿಯನ್ನು ಕೊಟ್ಟಿಗೆಯ ಗೂಟಕ್ಕೆ ಕಟ್ಟಿದ್ದರು. ಅದರ ದವಡೆ ಜೋತು ಬಿದ್ದಿತ್ತು, ಆದರೆ ಕಣ್ಣುಗಳು ಶಾಂತವಾಗಿದ್ದವು. ನೀರಿಟ್ಟರೆ ಕುಡಿಯಲು ಒದ್ದಾಡುತ್ತಿತ್ತು. ಬಾಯಿಗೆ ಕಟ್ಟಿಗೆ ಕೊಟ್ಟು ಒಳಗೆ ಇಣುಕಿದರೆ ಮೇಲಿನ ದವಡೆಯ ಹಲ್ಲುಗಳ ನಡುವೆ ಒಂದು ಎಲುಬಿನ ಚೂರು ಅಡ್ಡ ಸಿಕ್ಕಿತ್ತು. ಇಕ್ಕಳದಿಂದ ಕಿತ್ತು ತೆಗೆದೆ. ನಾಯಿ ಬೋಗುಣಿ ನೀರನ್ನೆಲ್ಲ ಕುಡಿದು ಬಾಲ ಅಲ್ಲಾಡಿಸಿತು. ಆದರೂ ಎರಡು ದಿನ ಅಲ್ಲೇ ಉಳಿದು, ಅದು ರೊಟ್ಟಿ ತಿನ್ನುವುದನ್ನು ಕಣ್ಣಾರೆ ನೋಡಿಯೇ ಮರಳಿದೆ.

ಆಮೇಲೆ ಸರ್ಟಿಫಿಕೇಟು ಬರೆದೆ. ನಮ್ಮ ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ. ಇದು ಹೊರದೇಶಕ್ಕೆ ಹೋಗುವಂಥದ್ದು ಎಂದು ಕಷ್ಟಪಟ್ಟು ಇಂಗ್ಲಿಷಿನಲ್ಲಿ ಬರೆದು ಶಾಲೆಯ ಹೆಡ್‌ಮಾಸ್ತರರಿಂದ ತಿದ್ದಿಸಿದೆ. ತಹಶೀಲಿಯ ಪೇಶ್ಕಾರರು ಓದಿದರು. ತಹಶೀಲ್ದಾರ ಸಾಹೇಬರು ಕನ್ನಡಕ ಏರಿಸಿ ಎರಡು ಸಲ ಓದಿ "ಬಹುತ್ ಖೂಬ್" ಎಂದರು. ನಾನು ಉಬ್ಬಿಹೋದೆ. ಮಾಸ್ತರರು ಹಂಡ್ಯಾನ ಜೊತೆ ಮುಂಬಯಿಯ ರೈಲು ಹತ್ತಿದರು. ಅಲ್ಲಿ ಅವರ ಭಾವ ಗಿರಣಿಯಲ್ಲಿ ಕೆಲಸಕ್ಕಿದ್ದ.

ನಾಲ್ಕನೆಯ ದಿನ ನಾನು ಜೇವರ್ಗಿಯಲ್ಲಿ ಕ್ಯಾಂಪ್ ಮಾಡಿದ್ದೆ. ಆಳಂದದಿಂದ ನನ್ನ ಜವಾನ ಒಂದು ತಂತಿ ಸಂದೇಶ ಹಿಡಿದುಕೊಂಡು ಓಡಿಬಂದ. ಮಾಸ್ತರರ ಭಾವ ಕಳಿಸಿದ್ದು: "ನಾಯಿ ತಡೆದಿದ್ದಾರೆ. ತಾರೀಖು ತಪ್ಪು. ಶನಿವಾರ ಹಡಗು." ಅಂದು ಗುರುವಾರ.

ಕ್ಯಾಂಪಿನ ಪೆಟ್ಟಿಗೆಯಿಂದ ಸರ್ಟಿಫಿಕೇಟಿನ ನಕಲು ತೆಗೆದು ನೋಡಿದೆ. ತಾರೀಖು ಸರಿಯಾಗಿಯೇ ಇತ್ತು: ಇಸ್ಫಂದಾರ್ 1348. ಇನ್ನೊಮ್ಮೆ ನೋಡಿದಾಗ ತಲೆಗೆ ಹೊಳೆಯಿತು. ನಿಜಾಮರ ರಾಜ್ಯದ ಕಚೇರಿಗಳಲ್ಲೆಲ್ಲ ನಡೆಯುತ್ತಿದ್ದುದು ಫಸಲಿ ವರ್ಷ, ಫಸಲಿ ತಿಂಗಳು. ಇಂಗ್ಲಿಷಿನಲ್ಲಿ ಬರೆಯುವಾಗಲೂ ನನ್ನ ಕೈ ಅದನ್ನೇ ಬರೆದಿತ್ತು. ಓದಿದವರೆಲ್ಲ ಅದೇ ಲೆಕ್ಕದಲ್ಲಿ ಬದುಕಿದವರು, ಯಾರ ಕಣ್ಣಿಗೂ ಅದು ತಪ್ಪಾಗಿ ಕಾಣಲಿಲ್ಲ. ಮುಂಬಯಿಯವರ ಪ್ರಕಾರ ಹಂಡ್ಯಾ ಕಲಬುರಗಿಯಲ್ಲಿ ಬಹಮನಿ ಸುಲ್ತಾನರು ಗದ್ದುಗೆ ಏರಿದ ಹೊತ್ತಿನಲ್ಲಿ ಚುಚ್ಚುಮದ್ದು ತೆಗೆದುಕೊಂಡ ನಾಯಿ.

ಮೊಹರು ಪೆಟ್ಟಿಗೆಯಲ್ಲೇ ಇತ್ತು. ಫಸಲಿ, ಇಂಗ್ಲಿಷ್ ಎರಡೂ ತಾರೀಖು ಅಕ್ಕಪಕ್ಕ ಅಚ್ಚಾದ ಜಂತ್ರಿ ಜೇವರ್ಗಿ ತಹಶೀಲಿಯ ಗೋಡೆಯ ಮೇಲೆ ತೂಗುತ್ತಿತ್ತು. ನಾನು ಅದನ್ನು ಮೊಳೆಯಿಂದ ಬಿಚ್ಚತೊಡಗಿದೆ.

"ಸಾಹೇಬ್ರ, ಏನ್ ಮಾಡಾಕತ್ತೀರಿ? ಜಂತ್ರಿ ಒಯ್ದ್ರ ಕಚೇರಿ ಹ್ಯಾಂಗ ನಡೀಬೇಕ್ರಿ?" ಎಂದು ಗುಮಾಸ್ತ ಬಾಯಿ ಬಾಯಿ ಬಿಟ್ಟ.

"ನಾಕ್ ದಿನ ಸೂರ್ಯನ್ನ ನೋಡಿ ನಡಸ್ರಿ," ಎಂದು ಹೇಳಿ ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡೆ. ಅಪ್ಪಣೆ ಇಲ್ಲದೆ ರಾಜ್ಯದ ಸರಹದ್ದು ದಾಟುವಂತಿರಲಿಲ್ಲ, ಕೇಳಿದರೆ ಅಪ್ಪಣೆ ಬರಲು ವಾರ ಬೇಕು. ಕಲಬುರಗಿಯಲ್ಲಿ ನನ್ನ ಮೇಲಧಿಕಾರಿಯ ಕಚೇರಿಗೆ ಒಂದು ಚೀಟಿ ಬರೆದು ಕೊಟ್ಟು ರೈಲು ಹತ್ತಿಬಿಟ್ಟೆ.

ಮುಂಬಯಿ ಬಂದರಿನ ಪಶುವೈದ್ಯಾಧಿಕಾರಿ ಒಬ್ಬ ವಯಸ್ಸಾದ ಪಾರ್ಸಿ. ಮರಾಠಿಯಲ್ಲಿ ಮಾತಾಡಿದರು. ನಾನು ಜಂತ್ರಿಯನ್ನು ಅವರ ಮೇಜಿನ ಮೇಲೆ ಬಿಚ್ಚಿದೆ. ಅವರು ದಿನಗಳನ್ನು ಬೆರಳಿಟ್ಟು ಎಣಿಸಿದರು. ನಲವತ್ತು ದಿನ ದಾಟಿತ್ತು.

"ನಿಮ್ಮ ಫಸಲಿ ನನಗೆ ಗೊತ್ತು ಡಾಕ್ಟರ್," ಎಂದರು. "ನಾನು ಬಿಟ್ಟುಬಿಡಬಹುದಿತ್ತು. ಆದರೆ ಅಲ್ಲಿ ಇಳಿಸಿಕೊಳ್ಳುವವನಿಗೆ ಗೊತ್ತಿಲ್ಲ. ಅವನು ಕಾಗದ ನೋಡಿ ನಾಯಿಗೆ ಗುಂಡು ಹೊಡೆಸುತ್ತಿದ್ದ. ಕುಳಿತು ಹೊಸದಾಗಿ ಬರೆಯಿರಿ."

ಬರೆದೆ. ಅವರು ನಾಯಿಯನ್ನು ನೋಡಬೇಕೆಂದರು. ಹೊರಗೆ ಮೂಟೆ, ಹಗ್ಗ, ಹಮಾಲರ ಗದ್ದಲ. ಮಾಸ್ತರರು ನನ್ನ ದನಿ ಕೇಳಿ ನಮ್ಮತ್ತ ಹೊರಟರು. ನಡುವೆ ಹಂಡ್ಯಾ ತಟ್ಟನೆ ನಿಂತಿತು. ಮಾಸ್ತರರೂ ನಿಂತರು. ಎರಡು ಹೆಜ್ಜೆ ಮುಂದೆ ಕಟ್ಟೆ ಮುಗಿದು ಕೆಳಗೆ ನೀರಿತ್ತು. ಹಂಡ್ಯಾ ಅಂಚು ಬಿಟ್ಟು ಸುತ್ತು ಹಾಕಿ ಅವರನ್ನು ನಮ್ಮ ಬಳಿ ತಂದು ನಿಲ್ಲಿಸಿತು. ಅದು ಸಮುದ್ರ ಕಂಡದ್ದು ಇದೇ ಮೊದಲು. ಪಾರ್ಸಿ ಅಧಿಕಾರಿ ಮತ್ತೇನೂ ಕೇಳಲಿಲ್ಲ, ನಿಂತಲ್ಲೇ ಸಹಿ ಹಾಕಿದರು.

ಮಾಸ್ತರರು ಹಳೆಯ ಸರ್ಟಿಫಿಕೇಟನ್ನು ಕೈಗೆ ಕೇಳಿದರು. "ಎಲ್ಲಿ ತಪ್ಪಿತ್ರಿ?" ಅವರ ಬೆರಳನ್ನು ಹಿಡಿದು ತಾರೀಖಿನ ಮೇಲೆ ಇಟ್ಟೆ.

"ಇಷ್ಟಽ ಏನ್ರಿ? ಕಣ್ಣಿದ್ದವರು ನಾಕ್ ಮಂದಿ ನೋಡಿದ್ರಲ್ರಿ ಇದನ್ನ!" ಎಂದು ನಕ್ಕುಬಿಟ್ಟರು. ನಾನೂ ನಕ್ಕೆ. ನನ್ನ ಕಣ್ಣು ಒದ್ದೆಯಾದದ್ದು ಅವರಿಗೆ ಕಾಣಲಿಲ್ಲ, ದನಿಯಲ್ಲಿ ಗೊತ್ತಾಗಿರಬೇಕು. ನನ್ನ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಊರಿಗೆ ಮರಳಿದಾಗ ನನಗೊಂದು ಖಡಕ್ ತಾಕೀತು ಕಾದಿತ್ತು. ಜಂತ್ರಿಯನ್ನು ಹೋಗಿ ಅದೇ ಮೊಳೆಗೆ ತೂಗುಹಾಕಿ ಬಂದೆ. ಅಂದಿನಿಂದ ನಿವೃತ್ತಿಯವರೆಗೆ ಯಾವ ಕಾಗದ ಬರೆದರೂ, ಇದನ್ನು ಓದುವವನು ಎಲ್ಲಿ ಕುಳಿತಿದ್ದಾನೆ, ಅವನಿಗೆ ಏನು ಗೊತ್ತು ಎಂದು ಯೋಚಿಸದೆ ಸಹಿ ಮಾಡಲಿಲ್ಲ. ನೌಕರಿ ನನಗೆ ಕಲಿಸಿದ್ದರಲ್ಲಿ ಇದೇ ದೊಡ್ಡದು.

ಮೊಂಬಾಸಾದಿಂದ ಮಾಸ್ತರರು ಧಾರವಾಡದ ಕಡೆಯ ಒಬ್ಬ ಗುಮಾಸ್ತನ ಕೈಯಲ್ಲಿ ಪತ್ರ ಬರೆಸುತ್ತಿದ್ದರು. ನನ್ನನ್ನು ಕಾಡಿಸಲೆಂದೇ ಮೇಲೆ ಎರಡೂ ತಾರೀಖು ಹಾಕಿಸುತ್ತಿದ್ದರು. ಏಳನೆಯ ವರ್ಷ ಬಂದ ಪತ್ರದಲ್ಲಿ ಮಾತ್ರ ಫಸಲಿ ತಾರೀಖು ಒಂದೇ ಇತ್ತು. ಒಳಗೆ ನಾಲ್ಕೇ ಸಾಲು:

"ಹಂಡ್ಯಾ ಹ್ವಾದ್ರಿ ಸಾಹೇಬ್ರ. ಮುದುಕ ಆಗಿದ್ದ, ತ್ರಾಸ ಪಡಲಿಲ್ಲ. ಈಗ ಇಲ್ಲಿ ದಾರಿ ಎಲ್ಲಾ ನನಗ ಗೊತ್ತಾಗ್ಯಾವ, ಅವನಽ ಕಲಿಸಿ ಹೋಗ್ಯಾನ. ಅಂವ ನಮ್ಮೂರಿನಂವ, ಅವನ ತಾರೀಖು ನಮ್ಮ ಲೆಕ್ಕದಾಗಽ ಇರ್ಲಿ ಅಂತ ಬರಿಸೇನಿ."